ನಾದಿದ ಹಿಟ್ಟು

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋಗಿ, ಆ ಬೆಳಗ್ಗೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ ಉಳಿದೆವು. ನನ್ನ ಗಂಡ ತೀರಿಕೊಂಡಾಗಿನಿಂದ ಇಬ್ಬರ ಗಂಟಲಲ್ಲೂ ತುತ್ತು ಇಳಿದಿರಲಿಲ್ಲ.

"ನೀನು ತಿಂದ್ರೆ ನಾನೂ ತಿಂತೀನಿ ಕಣೇ," ಎಂದರು ಅತ್ತೆ.

ಮೇಲಿನ ಮನೆಯ ದರ್ಜಿ ಅಕ್ಕನಿಂದ ನನ್ನ ಗಂಡ ಎರವಲು ತಂದಿದ್ದ, ಹಿಟ್ಟನ್ನು ತಾನೇ ನಾದಿ ಬೇಯಿಸುವ ಬ್ರೆಡ್ ಮೆಷೀನು ಅಡುಗೆಮನೆಯಲ್ಲಿತ್ತು.

"ತಂದಿಟ್ಟು ಮುಟ್ಟಲೇ ಇಲ್ಲ, ಸೋಮಾರಿ," ಎಂದು ಅತ್ತೆ ಮಗನನ್ನು ಬೈದು ಕಣ್ಣೊರೆಸಿಕೊಂಡರು.

ಅವರಿಗಾಗಿ ನೀರು, ಹಿಟ್ಟು, ಉಪ್ಪು, ಯೀಸ್ಟ್ ಹಾಕಿ ಗುಂಡಿ ಒತ್ತಿದೆ. ನನಗೂ ಅದು ಹೊಸತು.

ಮೋಟಾರಿನ ಸದ್ದಿನ ನಡುವೆ ಅಂಗೈಯಿಂದ ಹಿಟ್ಟು ಬಡಿಯುವ ಸದ್ದು ಕೇಳಿಸಿತು. ದಣಿದವರು ಸುಧಾರಿಸಿಕೊಳ್ಳುವಂತೆ ಅದು ಆಗಾಗ ನಿಲ್ಲುತ್ತಿತ್ತು. ಹತ್ತಿರ ಹೋದೆ. ಮೆಷೀನಿನ ಮುಂದಿನ ನೆಲ, ಯಾರೋ ಬಹಳ ಹೊತ್ತು ಬರಿಗಾಲಲ್ಲಿ ನಿಂತಿದ್ದಂತೆ ಬೆಚ್ಚಗಿತ್ತು.

ಬ್ರೆಡ್ ಹದವಾಗಿ ಉಬ್ಬಿತು. ಅತ್ತೆ ಇನ್ನೊಂದು ತುಂಡಿಗೆ ಕೈಚಾಚಿದರು. ನಾನೂ ತಿಂದೆ.

ಸಂಜೆ ಮೆಷೀನನ್ನು ತೊಳೆದು, ಜೊತೆಗೆ ಒಂದಿಷ್ಟು ಬ್ರೆಡ್ ಇಟ್ಟುಕೊಂಡು ಮೇಲೆ ಹೋದೆ. ದರ್ಜಿ ಅಕ್ಕ ಬ್ರೆಡ್ಡನ್ನು ಒತ್ತಿ ನೋಡಿದರು.

"ಎಷ್ಟು ಮೆತ್ತಗಿದೆ! ಕೈಯಲ್ಲೇ ನಾದಿದ್ಯಾ?"

"ಇಲ್ಲಕ್ಕ, ಮೆಷೀನೇ ನಾದಿತು."

"ಹೋಗೇ, ತಮಾಷೆ ಮಾಡ್ಬೇಡ. ಹಿಟ್ಟು ನಾದೋ ರೆಕ್ಕೆ ನನ್ನ ಹತ್ರಾನೇ ಉಳ್ಕೊಂಡಿದೆ. ಅದಿಲ್ದೆ ಮೆಷೀನು ಹಿಟ್ಟು ಕಲಸೋದೇ ಇಲ್ಲ. ಬಂದು ತಗೊಂಡು ಹೋಗ್ತೀನಿ ಅಂದಿದ್ದ ನಿನ್ನ ಗಂಡ, ಪಾಪ."

ಹೊಲಿಗೆ ಯಂತ್ರದ ಖಾನೆಯಿಂದ ಆ ಪುಟ್ಟ ರೆಕ್ಕೆಯನ್ನು ತೆಗೆದು ತೋರಿಸಿದರು.

ನಾನು ಮೆಷೀನನ್ನು ಅವರ ಮೇಜಿನ ಮೇಲಿಟ್ಟೆ.

"ತುಂಬಾ ಉಪಕಾರವಾಯ್ತಕ್ಕ," ಎಂದೆ. "ಅತ್ತೆ ಹೊಟ್ಟೆ ತುಂಬಾ ತಿಂದ್ರು."