ಅರಿಶಿನ ನೂಲಿನ ಏಳು ಸುತ್ತು

ಮಧ್ಯಾಹ್ನ ಮೂರೂವರೆಗೆ ಕೂಲರಿಗೆ ನೀರು ತುಂಬಲೆಂದು ಪೈಪು ಹಿಡಿದು ಹಿತ್ತಲಿಗೆ ಬಂದ ಕೇದಾರನಾಥ ಬಾಗಿಲಲ್ಲೇ ನಿಂತುಬಿಟ್ಟ. ಆಲದ ಬುಡದಿಂದ ಎರಡು ಮಾರು ದೂರದಲ್ಲಿ ಅವನ ತಂದೆ ಚನ್ನಪ್ಪನವರು ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ತೆಂಗಿನಕಾಯಿಯಂತೆ ಬಿರಿದಿತ್ತು. ಬುಡದಿಂದ ಹೆಣದವರೆಗೆ ಒಣಗಿದ ಎಲೆಗಳ ಮೇಲೆ ಎಳೆದ ರಕ್ತದ ಗೀರು. ಪಕ್ಕದಲ್ಲಿ ಒಂದು ಕೊಡಲಿ — ಪೂರ್ವದ ಮನೆಯ ಹಯವದನರಾಯರದು.

ಪೈಪು ಕೈಯಿಂದ ಜಾರಿತು. ಕೇದಾರನಾಥ ಪೊಲೀಸರಿಗೆ ಫೋನು ಮಾಡಲಿಲ್ಲ. ಕಬ್ಬಿಣದ ಸಲಾಕೆ ಎತ್ತಿಕೊಂಡು ಕಾಂಪೌಂಡು ಹಾರಿದ.

ಅಸಿಸ್ಟೆಂಟ್ ಇನ್‌ಸ್ಪೆಕ್ಟರ್ ದೀಪಾಲಿ ನೆರೆಯವರ ಫೋನು ಬಂದು ತಲುಪುವಷ್ಟರಲ್ಲಿ ಹಯವದನರಾಯರ ಮನೆಯ ಬಾಗಿಲು ಸೀಳಿಹೋಗಿತ್ತು. ಅವರ ಬಲಗೈ ಮೊಣಕೈಯ ಕೆಳಗೆ ತಪ್ಪು ದಿಕ್ಕಿಗೆ ತಿರುಗಿತ್ತು. ಗಂಡನ ಮೇಲೆ ಅಡ್ಡ ಬಿದ್ದಿದ್ದ ರಾಜಮ್ಮನವರ ಬೆನ್ನಿನ ಮೇಲೂ ಒಂದು ಏಟು ಬಿದ್ದಿತ್ತು. ಕಾನ್‌ಸ್ಟೇಬಲ್ ಪ್ರೀತಮ್ ಕೇದಾರನಾಥನನ್ನು ಹಿಂದಿನಿಂದ ತಬ್ಬಿ ಎಳೆದ.

"ಬಿಡ್ರಿ ನನ್ನ! ನಮ್ಮಪ್ಪನ್ನ ಕಡದಾನ್ರಿ ಇಂವ! ಇಂವನ್ನೂ ಕಡೀತೀನಿ, ಆ ಮರಾನೂ ಕಡೀತೀನಿ!"

ದೀಪಾಲಿ ಹಿತ್ತಲಿಗೆ ಹೋದಳು. ಹೆಣದ ಮುಖ ನೋಡಿದಳು. ಈ ಮುಖ ಮೂರು ಗಂಟೆಯ ಹಿಂದೆ ಠಾಣೆಯಲ್ಲಿ ಅವಳ ಮೇಜಿನ ಎದುರಿಗಿತ್ತು.

*

ಹನ್ನೆರಡೂವರೆಗೆ ಚನ್ನಪ್ಪನವರು ಬಂದಿದ್ದರು. ಎಪ್ಪತ್ತೆರಡರ ಮುದುಕ, ಆರ್ಡನೆನ್ಸ್ ಫ್ಯಾಕ್ಟರಿಯಿಂದ ನಿವೃತ್ತಿ, ಮೂಲ ಗದಗ. ದೀಪಾಲಿಯ ತಂದೆ ಹುಬ್ಬಳ್ಳಿಯಿಂದ ಮಹಾರಾಷ್ಟ್ರಕ್ಕೆ ವರ್ಗವಾಗಿ ಬಂದ ರೈಲ್ವೆ ನೌಕರ. ಅವಳಿಗೆ ಕನ್ನಡ ಬರುತ್ತದೆಂದು ತಿಳಿದು ಮುದುಕ ಅವಳನ್ನೇ ಕೇಳಿಕೊಂಡು ಬಂದಿದ್ದ.

"ನನ್ನ ಮರಾ ಕೊಲ್ಲಾಕತ್ತಾರವ್ವಾ. ಪಡುವಣ ಕಡೀ ಎಲಿ ಎಲ್ಲಾ ಹಳದಿ ಆಗ್ಯಾವು. ಯಾರೋ ವಿಷ ಹಾಕ್ಯಾರ."

"ಯಾರ ಮ್ಯಾಲ ಸಂಶೆ ಐತ್ರಿ?"

"ಹಯವದನ. ಇವತ್ತ ಮುಂಜಾನಿ ಕೊಡ್ಲಿ ಒಗದಾನ!"

ಬಿಸಿಲು ನಲವತ್ತಮೂರು ಡಿಗ್ರಿ. ಠಾಣೆಯ ಕೂಲರು ಕೆಟ್ಟಿತ್ತು. ದೀಪಾಲಿ ಅವರು ಬರೆದು ತಂದಿದ್ದ ಅರ್ಜಿಯ ಮೇಲೆ "ಮರದ ಬಗ್ಗೆ ನೆರೆಯವರ ಜಗಳ" ಎಂದು ಬರೆದು ನಂಬರು ಹಾಕಿದಳು. "ನಾಳೆ ಬರ್ತೀನ್ರಿ ಅಜ್ಜಾರ. ಈಗ ಮನೀಗ್ ಹೋಗ್ರಿ" ಎಂದಳು. ಮುದುಕನಿಗೆ ಸಿಕ್ಕಿದ್ದು ಹತ್ತು ನಿಮಿಷ.

*

ಅಂದು ಜ್ಯೇಷ್ಠದ ಹುಣ್ಣಿಮೆ. ಮಹಾರಾಷ್ಟ್ರದ ಹೆಂಗಸರಿಗೆ ವಟಪೂರ್ಣಿಮೆ. ಗಂಡನ ಆಯುಸ್ಸಿಗಾಗಿ ಉಪವಾಸವಿದ್ದು, ಆಲದ ಮರಕ್ಕೆ ನೂಲು ಸುತ್ತುವ ದಿನ. ಇಡೀ ಬಡಾವಣೆಗೆ ಇದ್ದದ್ದು ಚನ್ನಪ್ಪನವರ ಹಿತ್ತಲಿನ ಆಲವೊಂದೇ.

ಬೆಳಗಿನ ಜಗಳವನ್ನು ನೋಡಿದವರು ಒಬ್ಬಿಬ್ಬರಲ್ಲ, ಇಪ್ಪತ್ತು ಹೆಂಗಸರು. ತಮ್ಮ ಅಂಗಳಕ್ಕೆ ಇಳಿದ ಬಿಳಲುಗಳನ್ನು ಹಯವದನರಾಯರು ಗೋಡೆಯ ಮೇಲೆ ನಿಂತು ಕೊಚ್ಚುತ್ತಿದ್ದರು. ಚನ್ನಪ್ಪನವರು ಇಟ್ಟಿಗೆ ತೂರಿದರು. ಹಣೆ ಒಡೆಯಿತು. ರಕ್ತ ಕಣ್ಣಿಗಿಳಿದ ರಾಯರು ಕೊಡಲಿಯನ್ನು ಬೀಸಿ ಎಸೆದರು; ಪೂಜೆಯ ತಟ್ಟೆಗಳನ್ನು ದಾಟಿ ಅದು ಬೇರಿಗೆ ನಾಟಿತು. "ಇವತ್ತು ಮರ ಹೋಗ್ಬೇಕು, ಇಲ್ಲಾ ನೀನು ಹೋಗ್ಬೇಕು!" — ಆ ಮಾತಿಗೂ ಇಪ್ಪತ್ತು ಸಾಕ್ಷಿಗಳಿದ್ದರು.

ಮರ ಕಡಿಸಲು ಅರ್ಜಿ ಕೊಟ್ಟವರೂ ಅವರೇ. ಆಕ್ಷೇಪಣೆ ಕೋರುವ ಕಾರ್ಪೊರೇಷನ್ನಿನ ನೋಟೀಸು ಇನ್ನೂ ಕಾಂಡದ ಮೇಲಿತ್ತು. ಸೋಮವಾರ ಪರಿಶೀಲನೆ.

"ಕೇಸ್ ಸೀದಾ ಐತಿ ಮೇಡಮ್" ಎಂದ ಪ್ರೀತಮ್. ಅವನು ಸೊಲ್ಲಾಪುರದವನು, ಅವನ ಕನ್ನಡದಲ್ಲಿ ಅರ್ಧ ಮರಾಠಿ. "ಧಮಕಿ ಐತಿ, ಕೊಡ್ಲಿ ಐತಿ, ಲಗೇಚ್, ಇವತ್ತ ಚಾರ್ಜ್‌ಶೀಟ್."

"ಕೊಡಲಿ ಹಿಡಿಯ ಮ್ಯಾಲ ಬೆರಳಚ್ಚು?"

"ಒಂದೂ ಇಲ್ಲ. ಬರೋಬರ್ ಒರಸ್ಯಾನ."

ದೀಪಾಲಿ ಅವನನ್ನು ದಿಟ್ಟಿಸಿದಳು. "ಅವರು ಕೊಡಲಿ ಹಿಡಿದದ್ದನ್ನ ಇಪ್ಪತ್ತು ಮಂದಿ ನೋಡ್ಯಾರ. ತನ್ನ ಕೊಡಲಿಯ ಮ್ಯಾಲ ತನ್ನ ಅಚ್ಚು ಒರಸಿ ಅವರಿಗೇನು ಸಿಗತೈತಿ?"

ಪ್ರೀತಮ್ ಕೊಡಲಿಯನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದ.

ಅವಳು ಮರದ ಪಶ್ಚಿಮದ ಬದಿಗೆ ಬಂದಳು. ಅಲ್ಲಿ ರಕ್ತ ಸಿಡಿದಿತ್ತು. ಎದೆಮಟ್ಟದಲ್ಲಿ ಬಿಳಿ ನೂಲಿನ ಸುತ್ತುಗಳು. ಮೊಣಕಾಲ ಮಟ್ಟದಲ್ಲೂ ಬಿಳಿ ನೂಲು. ಎರಡೂ ಕೆಂಪಾಗಿ ಕಂದಿದ್ದವು. ನಡುವೆ ಸೊಂಟದ ಎತ್ತರಕ್ಕೆ ಏಳು ಸುತ್ತು ಅರಿಶಿನದ ನೂಲು. ಅದು ಅರಿಶಿನವಾಗಿಯೇ ಇತ್ತು. ನೆಲದಲ್ಲಿ ತುಳಿದ ಮಲ್ಲಿಗೆಯ ಹೂವೊಂದು. ಎಲ್ಲದರ ಫೋಟೋ ತೆಗೆಸಿದಳು. ಏನೋ ಒಂದು ಕಣ್ಣಿಗೆ ಚುಚ್ಚಿತು; ಏನೆಂದು ತಿಳಿಯಲಿಲ್ಲ.

*

ಪಶ್ಚಿಮದ ಮನೆ ಗಿರಿಧರನದು. ಐವತ್ತೆಂಟರ ಗಿರಿಧರ ಜಗಲಿಯ ಮೇಲೆ ಕುಳಿತು ಕೂಲರಿನ ಮೋಟಾರಿಗೆ ಹೊಸ ತಂತಿ ಸುತ್ತಿ ಮುಗಿಸಿದ್ದ. ಈಗ ತಂತಿಯ ಸುರುಳಿಗಳನ್ನು ಹತ್ತಿಯ ದಾರದಿಂದ ಬಿಗಿಯುತ್ತಿದ್ದ. ಅಳುತ್ತಲೇ ಬಿಗಿಯುತ್ತಿದ್ದ.

"ಕೈ ಸುಮ್ಮನಿದ್ರ ಹುಚ್ಚ ಹಿಡೀತೈತ್ರಿ ಮೇಡಮ್. ಈ ವಿದ್ಯಾ ಕಲಿಸಿದವರ ಚನ್ನಪ್ಪ ಅಣ್ಣಾರು. ಇದು ಅವರ ಮನೀ ಇನ್ನೊಂದು ಕೂಲರಿನ ಮೋಟಾರ."

"ಮರ ಉಳೀಬೇಕು ಅಂತ ಸಹಿ ಕೂಡಿಸಿದವರು ನೀವಾ?"

"ಹೌದ್ರಿ. ಎಂಬತ್ತಾರು ಸಹಿ."

"ಮಧ್ಯಾಹ್ನ ಎಲ್ಲಿದ್ರಿ?"

"ಮಕ್ಕೊಂಡಿದ್ದೆ. ಕೂಲರ್ ಸಪ್ಪಳದಾಗ ಈ ಓಣ್ಯಾಗ ಯಾರಿಗೆ ಏನ್ ಕೇಳಿಸತೈತ್ರಿ? ಬಾಂಬ್ ಹಾಕಿದ್ರೂ ತಿಳಿಯೂದಿಲ್ಲ." ಅವನು ದಾರದ ತುದಿಯನ್ನು ಒಂದು ಕುಣಿಕೆಯೊಳಗೆ ತೂರಿಸಿ ಎಳೆದ, ತುದಿ ಸುತ್ತುಗಳ ಅಡಿಗೆ ಸರಿದು ಮಾಯವಾಯಿತು. "ಅಣ್ಣಾರನ್ನ ಠಾಣೆಕ್ಕ ಆಟೋ ಹತ್ತಿಸಿ ಕಳಿಸಿದಾವ ನಾನ. ಕಂಪ್ಲೇಂಟ್ ಕೊಡ್ರಿ ಅಂತ ಹೇಳಿದಾವನೂ ನಾನ. ಅಷ್ಟ ಜಲ್ದಿ ಯಾಕ ತಿರುಗಿ ಬಂದ್ರೋ..."

ಅಷ್ಟು ಬೇಗ ಕಳುಹಿಸಿದವರು ಯಾರೆಂದು ದೀಪಾಲಿ ಹೇಳಲಿಲ್ಲ. ಅವನ ಮನೆಯ ಗೋಡೆಯಲ್ಲಿ ಬಿಟ್ಟ ಉದ್ದನೆಯ ಬಿರುಕಿನ ಮೇಲೆ ಅವಳ ದೃಷ್ಟಿ ಹರಿಯಿತು. ಬಿರುಕಿಗೆ ಹೊಸ ಸಿಮೆಂಟು ಮೆತ್ತಲಾಗಿತ್ತು.

*

ಮರುದಿನ ಬೆಳಗ್ಗೆ ಆರಕ್ಕೆ ಯಂತ್ರದ ಗರಗಸ ಹೊತ್ತ ನಾಲ್ವರೊಂದಿಗೆ ಕೇದಾರನಾಥ ಮರದ ಕೆಳಗೆ ನಿಂತಿದ್ದ. ಅಲ್ಲಿ ಕಾವಲಿದ್ದ ಪ್ರೀತಮ್ ಫೋನು ಮಾಡಿದ. ದೀಪಾಲಿ ಓಡೋಡಿ ಬಂದಳು.

"ಗರಗಸ ಬಂದ್ ಮಾಡ್ರಿ!"

"ನಮ್ಮಪ್ಪನ ಜೀವಾ ತಿಂದ ಮರಾ ಇದು!" ಕೇದಾರನಾಥ ಕೂಗಿದ. "ಇದೇ ಕಟಗಿಲೇ ಅವರನ್ನ ಸುಡತೀನಿ!"

"ಇದು ಸಾಕ್ಷಿ. ಒಂದು ಟೊಂಗಿ ಮುಟ್ಟಿದ್ರ, ರಾಯರ ಕೈ ಮುರಿದ ಕೇಸಿನಾಗ ಈಗಿಂದೀಗ ಒಳಗ ಹಾಕತೀನಿ. ಸರೀರಿ."

ಯಂತ್ರ ನಿಂತಿತು. ಆ ಮೌನದಲ್ಲಿ ಗೋಡೆಯ ಆಚೆಯಿಂದ ರಾಜಮ್ಮನವರ ಧ್ವನಿ ಬಂತು.

"ಮೇಡಮ್, ಆಸ್ಪತ್ರೇಲಿ ನಮ್ಮೋರ್ಗೆ ಕೋಳ ಹಾಕಿದಾರೆ. ಅವರು ಬಾಯಿಬಡುಕರು, ಒಪ್ಕೋತೀನಿ. ಆದ್ರೆ ಹಿಂದಿನಿಂದ ಹೊಡೆಯೋ ಜನ ಅಲ್ಲಮ್ಮ. ಎದುರಿಗೆ ನಿಂತು ಬೈಯ್ದೇ ಇದ್ರೆ ಅವರಿಗೆ ಅನ್ನ ಸೇರೋದಿಲ್ಲ."

"ನೀವು ಊಟ ಮಾಡಿದ್ರಾ?"

"ಎಲ್ಲಿ ಊಟ? ನಿನ್ನೆ ಉಪವಾಸ. ಅವರ ಆಯುಸ್ಸಿಗೆ ಅಂತ ನಾನೂ ಅದೇ ಮರಕ್ಕೆ ನೂಲು ಸುತ್ತಿದ್ನಲ್ಲ."

ದೀಪಾಲಿ ತಟ್ಟನೆ ತಿರುಗಿದಳು. "ಅರಿಶಿನದ ನೂಲು ನಿಮ್ಮದಾ?"

"ಹೌದು. ಬಿಳೀ ನೂಲು ನಮ್ಮ ಮೈಸೂರು ಕಡೆ ಆಗೋದಿಲ್ಲ, ಅರಿಶಿನ ಹಚ್ಚಲೇಬೇಕು. ಜಗಳ ಆದ್ಮೇಲೆ ನಾಚಿಕೆ ಆಗಿ ಎಲ್ಲಾರೂ ಹೋದಮೇಲೆ ಒಬ್ಬಳೇ ಬಂದೆ. ಚನ್ನಪ್ಪನವರೇ ಕರೆದ್ರು — 'ನಿನ್ನ ಗಂಡನ ಮ್ಯಾಲ ಸಿಟ್ಟೈತಿ, ನಿನ್ನ ಮ್ಯಾಲಿಲ್ಲ, ಸುತ್ತವ್ವಾ' ಅಂದ್ರು." ಅವರು ಕಣ್ಣೊರೆಸಿಕೊಂಡರು. "ಗಂಟಿಗೊಂದು ಮಲ್ಲಿಗೆ ಸಿಕ್ಕಿಸಿ ಬಂದೆ."

ದೀಪಾಲಿ ಅವರನ್ನು ಕೈಹಿಡಿದು ಮರದ ಬಳಿಗೆ ಕರೆತಂದಳು. ರಾಜಮ್ಮ ನೂಲನ್ನು ನೋಡಿದರು. ಹತ್ತಿರ ಬಗ್ಗಿದರು. ಹುಬ್ಬು ಗಂಟಿಕ್ಕಿತು.

"ಇದು ನನ್ನ ನೂಲೇ. ಆದ್ರೆ ನಾನು ಸುತ್ತಿದ್ದಲ್ಲಮ್ಮ."

"ಹೇಗೆ ಹೇಳ್ತೀರಿ?"

"ಮರವನ್ನ ಬಲಕ್ಕೆ ಇಟ್ಕೊಂಡು ಸುತ್ತಬೇಕು. ಬಿಳೀ ನೂಲೆಲ್ಲ ನೋಡಿ, ಎಡಕ್ಕೆ ಏರ್ತಾ ಇದೆ. ಇದು ಬಲಕ್ಕೆ ಏರ್ತಾ ಇದೆ. ಗಂಡನ ಆಯುಸ್ಸಿಗೆ ಸುತ್ತೋ ನೂಲನ್ನ ಯಾವ ಹೆಂಗಸಾದ್ರೂ ಅಪ್ರದಕ್ಷಿಣೆ ಸುತ್ತುತ್ತಾಳಾ? ಅದು ಸಾವಿನ ಮನೇಲಿ ಮಾಡೋ ಕೆಲಸ! ಅಲ್ದೆ, ನನ್ನ ಗಂಟೆಲ್ಲಿ?"

ಗಂಟು ಇರಲಿಲ್ಲ. ದೀಪಾಲಿ ತುದಿಯನ್ನು ಹುಡುಕಿದಳು. ತುದಿಯೂ ಇರಲಿಲ್ಲ, ಸುತ್ತುಗಳ ಅಡಿಗೆ ಸರಿದು ಮಾಯವಾಗಿತ್ತು.

ನಿನ್ನೆ ಕಣ್ಣಿಗೆ ಚುಚ್ಚಿದ್ದು ಏನೆಂದು ಈಗ ಅವಳಿಗೆ ತಿಳಿಯಿತು.

*

ಪ್ರಯೋಗಾಲಯದವರು ಬಂದು ಸುತ್ತುಗಳು ಕದಡದಂತೆ ಟೇಪು ಅಂಟಿಸಿ, ಹಿಂಬದಿಯಲ್ಲಿ ಕತ್ತರಿಸಿ ಆ ನೂಲನ್ನು ತೆಗೆದರು. ಕೇದಾರನಾಥ ನೋಡುತ್ತಿದ್ದ. ಗಿರಿಧರನನ್ನೂ ಕರೆಸಲಾಗಿತ್ತು, ಮುಗಿದ ಮೋಟಾರನ್ನು ಕೊಡಲೆಂದು ಕೈಯಲ್ಲೇ ಹಿಡಿದು ಬಂದಿದ್ದ.

ನೂಲಿನ ಅಡಿಯ ತೊಗಟೆಯ ಮೇಲೆ ರಕ್ತವಿತ್ತು. ರಕ್ತದ ನಡುವೆ ಬೆರಳು ತೂರುವಷ್ಟು ದೊಡ್ಡ, ಬೈರಿಗೆಯಿಂದ ಕೊರೆದ ತೂತು. ಬಾಯಿಗೆ ಹೊಸ ಮೇಣ. ಮೇಣ ಕಿತ್ತಾಗ ಕಳೆನಾಶಕದ ಘಾಟು ಮೂಗಿಗೆ ಬಡಿಯಿತು.

"ಈಗ ಕೇಳ್ರಿ" ಎಂದಳು ದೀಪಾಲಿ. "ಮೇಲಿನ ನೂಲಿನ ಮ್ಯಾಲ ರಕ್ತ. ಕೆಳಗಿನದರ ಮ್ಯಾಲೂ ರಕ್ತ. ನಡುವಿನ ನೂಲು ಸ್ವಚ್ಛ, ಆದ್ರ ಅದರ ಅಡಿಗೆ ರಕ್ತ. ಅಂದ್ರ ಕೊಲೆಯ ಹೊತ್ತಿಗೆ ಆ ನೂಲು ಅಲ್ಲಿರಲಿಲ್ಲ. ಕೊಲೆಯಾದ ಮ್ಯಾಲ ಯಾರೋ ಅದನ್ನ ತಿರುಗಿ ಸುತ್ಯಾರ. ಹೆಣ ಕಾಲಿಗೆ ಅಡ್ಡ ಬರ್ತಿತ್ತು ಅಂತ ಎರಡು ಮಾರು ಎಳದಾರ. ಯಾಕ? ತೂತು ಮುಚ್ಚಾಕ."

"ಹಯವದನನ ಸುತ್ತಿರಬೇಕು" ಎಂದ ಕೇದಾರನಾಥ. ಅವನ ಧ್ವನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"ರಾಯರು ಮರ ಕಡೀರಿ ಅಂತ ಅರ್ಜಿ ಕೊಟ್ಟವರು, ಹಾಡಹಗಲೇ ಕೊಡ್ಲಿ ಬೀಸಿದವರು. ಕದ್ದು ವಿಷ ಹಾಕೂದು ಯಾರಿಗೆ ಬೇಕು? ಮರ ಸಾಯ್ಬೇಕು, ಆದ್ರ ತಾ ಒಳ್ಳೆಯವನಾಗೇ ಇರಬೇಕು ಅನ್ನಾವಗ." ಅವಳು ತಿರುಗಿದಳು. "ಗಿರಿಧರ ಅವರ, ಆ ಮೋಟಾರ್ ಇತ್ತ ಕೊಡ್ರಿ."

ಅವನು ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ತಾಮ್ರದ ಸುರುಳಿಗಳ ಮೇಲಿನ ಹತ್ತಿಯ ದಾರ ಎಲ್ಲರಿಗೂ ಕಾಣುತ್ತಿತ್ತು — ಎಡದಿಂದ ಬಲಕ್ಕೆ ಏರುವ ಬಿಗಿಯಾದ ಸುತ್ತುಗಳು, ಗಂಟಿಲ್ಲ, ತುದಿಯಿಲ್ಲ.

"ನಲವತ್ತು ವರ್ಷದ ಕೈ. ಮರಕ್ಕ ನೂಲು ಸುತ್ತೂವಾಗೂ ಅದು ಮೋಟಾರ್ ಅಂತ ತಿಳೀತು."

ಗಿರಿಧರ ಮೋಟಾರನ್ನು ಎತ್ತಿ ಅವಳ ಮುಖಕ್ಕೆ ಬೀಸಿದ. ಪ್ರೀತಮ್ ಅಡ್ಡ ಬಂದ. ಕಬ್ಬಿಣ ಅವನ ದವಡೆಗೆ ಬಡಿದು ಎರಡು ಹಲ್ಲು ಉದುರಿದವು. ಬಾಯಿ ತುಂಬ ರಕ್ತವಿದ್ದರೂ ಪ್ರೀತಮ್ ಅವನ ಸೊಂಟ ಬಿಡಲಿಲ್ಲ. ಇಬ್ಬರೂ ಎಲೆಗಳ ಮೇಲೆ ಉರುಳಿದರು. ದೀಪಾಲಿ ಗಿರಿಧರನ ಕೈ ತಿರುಚಿ, ಮೊಣಕಾಲನ್ನು ಅವನ ಬೆನ್ನಿಗೆ ಊರಿ, ಕೋಳ ತೊಡಿಸಿದಳು.

ನೆಲಕ್ಕೆ ಕೆನ್ನೆಯೊತ್ತಿ ಅವನು ಏದುಸಿರುಬಿಟ್ಟ.

"ಬೇರು ನನ್ನ ಮನೀ ತಳಾ ಸೀಳಾಕತ್ತಿತ್ರಿ. ಪ್ರತಿ ಬ್ಯಾಸಗಿಗೂ ಒಂದೊಂದ ಬಿರುಕು. ಆದ್ರ ಅಣ್ಣಾ ಅಂದ ಬಾಯಿಲೆ ಮರ ಕಡೀರಿ ಅನ್ನಾಕ ಬರಲಿಲ್ಲ. ಸೋಮವಾರ ಸಾಹೇಬ್ರು ನೋಡೂದ್ರೊಳಗ ಮರ ಒಣಗಿದ್ರ ಎಲ್ಲಾ ಸುಸೂತ್ರ ಆಗತಿತ್ತು. ಅಣ್ಣಾರು ಸಂಜೀತನಕಾ ಠಾಣೆದಾಗ ಇರ್ತಾರ ಅಂದ್ಕೊಂಡು, ನೂಲು ಬಿಚ್ಚಿ ಇನ್ನೊಮ್ಮೆ ವಿಷ ಹಾಕಾಕ ಬಂದಿದ್ದೆ."

"ಅವರು ನಿಮ್ಮನ್ನ ಹಿಡಿದ್ರಾ?"

ಗಿರಿಧರ ಬಾಯಿಗೆ ಬಂದ ಮಣ್ಣನ್ನು ಉಗುಳಿದ.

"ಇಲ್ರೀ. ನಾ ತೂತು ಹುಡುಕಿ ತೆಗದೀನಿ ಅಂತ ತಿಳಕೊಂಡ್ರು. 'ಶಾಬಾಸ್ ಗಿರಿ, ಠಾಣೆದಾಗ ಯಾರೂ ಕೇಳಲಿಲ್ಲ, ನೀ ಹಿಡದಿ ನೋಡು' ಅಂದ್ರು. ಬಗ್ಗಿ ತೂತಿನ ವಾಸನಿ ನೋಡಿದ್ರು. ನನ್ನ ಕೈಯಾಗ ಅದ ವಾಸನಿ ಇತ್ರಿ. ಅವರು ತಿರಗೂದ್ರೊಳಗ..." ಅವನ ಕಣ್ಣು ಬೇರಿನ ಕಡೆ ಹೊರಳಿತು. "ಕೊಡ್ಲಿ ಅಲ್ಲೇ ನಾಟಿತ್ತು."

ಕೇದಾರನಾಥ ಪೂರ್ವದ ಮನೆಯತ್ತ ತಿರುಗಿದ. ತಾನು ಮುರಿದದ್ದು ತಪ್ಪಿಲ್ಲದವರ ಕೈಯೆಂದು ಅವನಿಗೆ ಈಗ ಅರಿವಾಗಿರಬೇಕು.

*

ಮಧ್ಯಾಹ್ನದ ಹೊತ್ತಿಗೆ ಹಯವದನರಾಯರ ಕೋಳ ಬಿಚ್ಚಲಾಯಿತು. ರಾಜಮ್ಮ ಆಸ್ಪತ್ರೆಯ ಮಂಚದ ಬಳಿ ಕುಳಿತು ಮೊದಲ ತುತ್ತು ಉಂಡರು.

"ಆ ಮರ ಉಳಿಯುತ್ತೋ ಇಲ್ವೋ?" ಎಂದು ರಾಯರು ದೀಪಾಲಿಯನ್ನು ಕೇಳಿದರು.

"ಗೊತ್ತಿಲ್ರಿ. ಪಶ್ಚಿಮದ ಅರ್ಧ ಒಣಗೈತಿ."

"ಉಳಿದ್ರೆ ಮತ್ತೆ ಅರ್ಜಿ ಹಾಕ್ತೀನಿ. ನನ್ನ ಕಡೆ ಬಂದ ಟೊಂಗೆ ಕಡೀಲೇಬೇಕು" ಎಂದರು ರಾಯರು, ಪ್ಲಾಸ್ಟರಿನ ಕೈ ಎತ್ತಿ.

"ಸಾಕು ಸುಮ್ನಿರಿ" ಎಂದರು ರಾಜಮ್ಮ. "ನಿಮ್ಮ ಪ್ರಾಣ ಉಳಿಸಿದ್ದೇ ಆ ಮರದ ಮೇಲಿನ ನೂಲು." ಆಮೇಲೆ ಮೆಲ್ಲಗೆ ಕೇಳಿದರು: "ನನ್ನ ನೂಲು ವಾಪಸ್ಸು ಸಿಗುತ್ತಾ ಮೇಡಮ್?"

"ಅದು ಕೋರ್ಟಿಗೆ ಹೋಗ್ಬೇಕ್ರಿ ಅಮ್ಮಾ."

ಠಾಣೆಗೆ ಮರಳಿ ದೀಪಾಲಿ ಕೇಸಿನ ಕಡತ ತೆರೆದಳು. ಮೊದಲ ಹಾಳೆಯಾಗಿ ಚನ್ನಪ್ಪನವರ ಅರ್ಜಿಯನ್ನು ಸೇರಿಸಿದಳು. ಮೇಲೆ ಅವಳದೇ ಅಕ್ಷರ: ಮರದ ಬಗ್ಗೆ ನೆರೆಯವರ ಜಗಳ. ಕೆಳಗೆ ಮುದುಕನ ನಡುಗುವ ಕನ್ನಡ: ನನ್ನ ಮರಕ್ಕೆ ವಿಷ ಹಾಕಿದ್ದಾರೆ, ದಯಮಾಡಿ ಇಂದೇ ಬಂದು ನೋಡಬೇಕು.

ಇಂದೇ ಎಂಬ ಪದದ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು. ನಿನ್ನೆ ಅವಳು ಅದನ್ನು ಓದಿರಲಿಲ್ಲ.