ಮಹಡಿಯ ಇಸ್ತ್ರಿ, ಕೆಳಗಿನ ಮೀಟರ್

ಕಾದ ಇಸ್ತ್ರಿಪೆಟ್ಟಿಗೆ ನನ್ನ ಮೂಗಿನ ತುದಿಗೆ ಬಂದು ನಿಂತಿತ್ತು.

ಪತ್ತೇದಾರಿ ಕೆಲಸದಲ್ಲಿ ಪಿಸ್ತೂಲು ನೋಡಿದ್ದೇನೆ. ಚಾಕು ನೋಡಿದ್ದೇನೆ. ಗಿರಾಕಿಯೊಬ್ಬನ ಹೆಂಡತಿ ಎಸೆದ ಪ್ರೆಶರ್ ಕುಕ್ಕರನ್ನೂ ನೋಡಿದ್ದೇನೆ. ಆದರೆ ನಂಬಿ... ಬುಸುಗುಡುವ ಇಸ್ತ್ರಿಪೆಟ್ಟಿಗೆಯ ಮುಂದೆ ಅವೆಲ್ಲ ಮಕ್ಕಳ ಆಟಿಕೆ.

"ಬೀರುವಿನ ಹಿಂದೆ ಏನು ಹುಡುಕ್ತಿದ್ದೆ?" ಎಂದಳು ಪೆಟ್ಟಿಗೆ ಹಿಡಿದವಳು.

"ವೈರು."

"ಸಿಕ್ತಾ?"

"ಜಿರಳೆ ಸಿಕ್ತು."

"ಅದು ನಂದೇ. ವೈರು ಯಾರದು ಅಂದ್ಕೊಂಡು ಬಂದೆ?"

ಬೀದಿಯವರೆಲ್ಲ ಅವಳನ್ನು ಕರೆಯುವುದು ಇಸ್ತ್ರಿಯಕ್ಕ ಎಂದು. ಮಹಡಿಯ ಮೇಲೆ ಒಂದೇ ಕೋಣೆ. ಅದರ ತುಂಬ ಊರವರ ಶರಟು. ಒಂದು ಟೇಬಲ್ಲು, ಒಂದು ಪ್ಲಗ್ಗು, ಒಂದು ಬಲ್ಬು. ಕದ್ದ ಕರೆಂಟನ್ನು ಬಚ್ಚಿಡುವುದಿರಲಿ, ಒಂದು ಕೊಡೆ ಬಚ್ಚಿಡಲೂ ಅಲ್ಲಿ ಜಾಗವಿರಲಿಲ್ಲ.

"ಅಕ್ಕ, ಪೆಟ್ಟಿಗೆ ಕೆಳಗಿಡಿ. ಶರಟು ಸುಟ್ಟರೆ ಗಿರಾಕಿ ಬೈತಾನೆ. ನನ್ನ ಸುಟ್ಟರೆ ಬೈಯೋಕೂ ಯಾರೂ ಇಲ್ಲ."

ಅವಳು ನಗಲಿಲ್ಲ. ಆದರೆ ಪೆಟ್ಟಿಗೆ ಎರಡು ಇಂಚು ಹಿಂದೆ ಹೋಯಿತು.

"ಕೆಳಗಿನವರು ಕಳಿಸಿದ್ರಾ?"

"ಹೌದು."

"ಹಾಗಾದ್ರೆ ಸರಿಯಾಗಿ ಹುಡುಕು. ಸಂಜೆ ಲಾರಿ ತರ್ತಾರಂತೆ, ನನ್ನ ಸಾಮಾನು ಎತ್ತಿಹಾಕೋಕೆ. ಮನೆ ಹೋದ್ರೆ ಹೋಗ್ಲಿ, ಇನ್ನೊಂದು ಸಿಗತ್ತೆ. ಬಾಲ್ಕನಿಲಿ ನಿಂತು 'ಕಳ್ಳಿ' ಅಂತ ಕೂಗಿದಾರೆ. ಕಳ್ಳಿ ಕೈಗೆ ಯಾರು ಬಟ್ಟೆ ಕೊಡ್ತಾರೆ? ನಿನ್ನೆಯಿಂದ ಒಂದು ಗಂಟೂ ಬಂದಿಲ್ಲ."

ನಾನು ಪ್ಲಗ್ಗು ಬಿಚ್ಚಿ ನೋಡಿದೆ. ವೈರಿನ ಜಾಡು ಹಿಡಿದು ಮೆಟ್ಟಿಲಿಳಿದೆ. ಒಂದೇ ಲೈನು, ನೇರ ಕೆಳಗಿನ ಮನೆಯ ಬೋರ್ಡಿಗೆ. ಅಡ್ಡದಾರಿ ಇಲ್ಲ, ಕಳ್ಳದಾರಿ ಇಲ್ಲ.

ಕೆಳಗೆ ಮನೆ ಯಜಮಾನರು ಕತ್ತಲಲ್ಲಿ ಕೂತಿದ್ದರು.

ಹಾಡುಹಗಲು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಿಸಿಲಿಗೆ ಕಿಟಕಿ ಮುಚ್ಚಿದ್ದಾರೆ, ದೀಪ ಹಾಕಿಲ್ಲ, ಫ್ಯಾನು ನಿಂತಿದೆ. ಕರೆಂಟ್ ಬಿಲ್ಲಿನಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಾರೆ.

"ಸಿಕ್ಕಿಬಿದ್ಲಾ?"

"ಇಲ್ಲ. ಮೇಲೆ ಎಲ್ಲ ಸರಿಯಾಗಿದೆ."

"ಹೇಗ್ರೀ ಸರಿ? ಹೊಸ ಮೀಟರ್ ಹಾಕಿದ ತಿಂಗಳೇ ಬಿಲ್ಲು ಡಬಲ್. ಆಗಿಂದ ನಾನು ಬಿಗಿ ಮಾಡಿದೆ. ಹಗಲು ಫ್ಯಾನ್ ಬಂದ್. ಫ್ರಿಜ್ ಬಂದ್. ಇವಳ ಲೈನೂ ಹಗಲೆಲ್ಲ ಬಂದ್, ಸಂಜೆ ನಾನು ಎದುರಿಗೆ ಕೂತಾಗ ಮಾತ್ರ ಇಸ್ತ್ರಿ. ಈ ತಿಂಗಳು ನೋಡಿ... ಮೂರು ಪಟ್ಟು! ಮೇಲೆ ಸೋಲಾರ್ ಬೇರೆ ಹಾಕಿಸಿದೀನಿ."

ಅಡುಗೆಮನೆಯಿಂದ ಯಜಮಾನಿಯ ದನಿ ಬಂತು. "ಫ್ರಿಜ್‌ನಲ್ಲಿ ಈಗ ಪುಸ್ತಕ ಇಟ್ಟಿದೀನಿ. ಹಾಲು ಒಡೆಯತ್ತೆ, ಪುಸ್ತಕ ಒಡೆಯಲ್ಲ."

"ನೀನು ಸುಮ್ನಿರೇ."

"ಸುಮ್ನೇ ಇದೀನಿ. ಫ್ಯಾನಿನ ಹಾಗೆ."

ಇವತ್ತು ಮಾತ್ರ ಯಜಮಾನರು ಹಗಲಲ್ಲೇ ಮಹಡಿಯ ಲೈನ್ ಬಿಟ್ಟಿದ್ದರು. ಕಳ್ಳಿ ಕದಿಯುವಾಗಲೇ ಸಿಕ್ಕಿಬೀಳಲಿ ಎಂದು. ನಾನು ಹೊರಬಿದ್ದೆ. ಕಳ್ಳಿ ಇಲ್ಲದಿದ್ದರೆ ಉಳಿಯುವುದು ಮೀಟರು. ಮೀಟರಿಗೆ ಬಾಯಿಲ್ಲ. ಅದನ್ನು ಗೋಡೆಗೆ ಜಡಿದವನಿಗೆ ಇರಬೇಕು.

ಅವನು ಪಕ್ಕದ ಬೀದಿಯಲ್ಲೇ ಇದ್ದ. ಸ್ಕೂಟರಿಗೆ ಏಣಿ ಕಟ್ಟಿಕೊಂಡು ಮನೆ ಮನೆಗೆ ಹೊಸ ಮೀಟರ್ ಹಾಕುತ್ತಿದ್ದ. ನಾನು ಎರಡು ಹೆಜ್ಜೆ ಜೋರಾಗಿ ಇಟ್ಟೆ, ಅಷ್ಟೇ.

ಅವನು ಸ್ಕೂಟರ್ ಹತ್ತಿ ಪರಾರಿ!

ಓಡಿದೆ. ಅವನು ಎಡಕ್ಕೆ ತಿರುಗಿದ, ನಾನೂ ತಿರುಗಿದೆ. ತರಕಾರಿ ಗಾಡಿ, ಸೈಕಲ್ಲು, ಮಲಗಿದ್ದ ನಾಯಿ... ಎಲ್ಲ ದಾಟಿದೆ. ನಾಯಿ ಮಾತ್ರ ಎದ್ದು ನನ್ನ ಜೊತೆಗೇ ಓಡಿತು, ಯಾಕೆಂದು ಅದಕ್ಕೂ ಗೊತ್ತಿರಲಿಲ್ಲ. ಉಸಿರು ಗಂಟಲಿಗೆ ಬಂದಿತ್ತು. ಇನ್ನೇನು ಕೈತಪ್ಪಿದ ಎನ್ನುವಾಗ ಅವನು ಓಣಿಯೊಂದಕ್ಕೆ ನುಗ್ಗಿದ.

ಸ್ಕೂಟರ್ ಹಿಡಿಸುವ ಓಣಿ. ಅಡ್ಡ ಕಟ್ಟಿದ ಏಣಿ ಹಿಡಿಸದ ಓಣಿ.

ಧಡಾರ್.

ಏಣಿ ಎರಡು ಗೋಡೆಗೂ ತಾಗಿ ನಿಂತಿತು. ಸ್ಕೂಟರ್ ಏಣಿಗೆ ನೇತುಬಿತ್ತು. ಅವನು ಸ್ಕೂಟರಿಗೆ.

"ಅಣ್ಣ, ಮುಖಕ್ಕೆ ಹೊಡೀಬೇಡಿ."

"ಯಾಕೆ ಓಡಿದೆ?"

"ನೀವ್ಯಾಕೆ ಓಡಿಬಂದ್ರಿ? ಮೀಟರ್ ಹಾಕಿದ ಬೀದಿಲಿ ಯಾರಾದ್ರೂ ನನ್ನ ಕಡೆ ಜೋರಾಗಿ ಬಂದ್ರೆ ಕಾಲು ತಾನೇ ಓಡತ್ತೆ. ಹೋದ ವಾರ ಒಬ್ಬ ಅಜ್ಜಿ ಚಪ್ಪಲಿ ತಗೊಂಡಿದ್ರು."

"ಮೀಟರ್ ಯಾಕೆ ಸುಳ್ಳು ಹೇಳ್ತಿದೆ?"

"ಸುಳ್ಳು ಹೇಳೋಕೆ ಅದಕ್ಕೆ ಬುದ್ಧಿ ಇಲ್ಲಣ್ಣ. ಅದರೊಳಗೆ ಹರಿದದ್ದನ್ನ ಎಣಿಸತ್ತೆ, ಅಷ್ಟೇ. ಒಂದು ಕೆಲಸ ಮಾಡಿ. ಮನೆಯ ಸ್ವಿಚ್ಚೆಲ್ಲ ಆರಿಸಿ ಮೀಟರಿನ ಕೆಂಪು ದೀಪ ನೋಡಿ. ಕರೆಂಟು ಹರಿದಷ್ಟೂ ಅದು ಮಿಟುಕತ್ತೆ. ಎಲ್ಲ ಆರಿಸಿದ ಮೇಲೂ ಮಿಟುಕಿದ್ರೆ ಎಲ್ಲೋ ಏನೋ ಇದೆ. ಈಗ ಏಣಿ ಬಿಡಿಸ್ತೀರಾ?"

ಬಿಡಿಸಿದೆ. ನಾಯಿ ಅವನ ಜೊತೆ ಹೋಯಿತು.

ನಾನು ವಾಪಸು ಬಂದಾಗ ಲಾರಿ ಆಗಲೇ ಬಂದಿತ್ತು. ಸಂಜೆಯವರೆಗೂ ಕಾಯುವ ತಾಳ್ಮೆ ಯಜಮಾನಿಯ ತಮ್ಮನಿಗಿರಲಿಲ್ಲ. ಮನೆಯಲ್ಲಿ ಅವನಿಗೆ ರೋಡ್ ರೋಲರ್ ಎಂದು ಹೆಸರು. ಕುತ್ತಿಗೆ ಎಂಬುದನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಇಸ್ತ್ರಿಯಕ್ಕನ ಟ್ರಂಕು ಅವನ ಹೆಗಲ ಮೇಲಿತ್ತು.

"ಟ್ರಂಕು ಇಳಿಸು," ಎಂದೆ.

ಅವನು ಇಳಿಸಿದ. ಖಾಲಿಯಾದ ಕೈಯಿಂದ ನನ್ನ ಕಾಲರು ಹಿಡಿದು ಎತ್ತಿದ. ನನ್ನ ಚಪ್ಪಲಿ ನೆಲದಲ್ಲೇ ಉಳಿಯಿತು.

"ಭಾವ ನಿನಗೆ ಕಾಸು ಕೊಟ್ಟಿದ್ದು ಕಳ್ಳಿ ಹಿಡಿಯೋಕೆ. ಅವಳ ಪರ ವಾದ ಮಾಡೋಕಲ್ಲ."

"ಐದು ನಿಮಿಷ ಕೊಡು. ಕಳ್ಳತನ ಇದ್ರೆ ನಿನ್ನ ಕಣ್ಣಿಗೇ ತೋರಿಸ್ತೀನಿ."

ಅವನು ನನ್ನನ್ನು ಕೆಳಗೆ ಬಿಟ್ಟ. ಇಳಿಸಲಿಲ್ಲ, ಬಿಟ್ಟ.

ಮನೆಯ ಸ್ವಿಚ್ಚೆಲ್ಲ ಆರಿಸಿಸಿದೆ. ಮಹಡಿಯ ಲೈನನ್ನೂ. ನಾವೈದು ಮಂದಿ ಜಗುಲಿಯ ಗೋಡೆಯ ಮೇಲಿನ ಮೀಟರಿನ ಮುಂದೆ ನಿಂತೆವು.

ಕೆಂಪು ದೀಪ ಹುಚ್ಚು ಹಿಡಿದಂತೆ ಮಿಟುಕುತ್ತಿತ್ತು.

"ನೋಡಿದ್ರಾ!" ಎಂದರು ಯಜಮಾನರು. "ಎಲ್ಲ ಆರಿಸಿದ್ರೂ ಓಡ್ತಿದೆ. ಎಲ್ಲೋ ವೈರು ಎಳೆದಿದಾಳೆ."

ರೋಡ್ ರೋಲರ್ ಟ್ರಂಕಿಗೆ ಕೈಹಾಕಿದ. ಇಸ್ತ್ರಿಯಕ್ಕನ ಮುಖ ಬಿಳಿಚಿತು. ಅವಳು ನನ್ನತ್ತ ನೋಡಿದ ನೋಟವಿದೆಯಲ್ಲ... ಅದಕ್ಕಿಂತ ಕಾದ ಪೆಟ್ಟಿಗೆಯೇ ವಾಸಿಯಿತ್ತು.

ಅಷ್ಟರಲ್ಲಿ ಒಂದು ಮೋಡ ಬಂತು.

ಅಂಗಳಕ್ಕೆ ನೆರಳು ಬಿತ್ತು. ಕೆಂಪು ದೀಪ ನಿಧಾನವಾಯಿತು. ಮೋಡ ಸರಿಯಿತು. ಬಿಸಿಲು. ದೀಪ ಮತ್ತೆ ಹುಚ್ಚಾಯಿತು.

ನಾನು ತಲೆಯೆತ್ತಿ ನೋಡಿದೆ. ತಾರಸಿಯ ಅಂಚಿನಲ್ಲಿ ಸೋಲಾರ್ ಹಲಗೆಗಳು ಸೂರ್ಯನಿಗೆ ಎದೆ ಕೊಟ್ಟು ಮಲಗಿದ್ದವು.

"ಅಕ್ಕ, ಮೇಲೆ ಹೋಗಿ ಪೆಟ್ಟಿಗೆ ಹಾಕಿ," ಎಂದು ಮಹಡಿಯ ಸ್ವಿಚ್ಚು ಒತ್ತಿದೆ.

"ಏಯ್, ಬಿಲ್ಲು!" ಎಂದರು ಯಜಮಾನರು.

"ದೀಪ ನೋಡಿ."

ಮೇಲೆ ಇಸ್ತ್ರಿ ಕಾಯತೊಡಗಿತು. ಕೆಳಗೆ ದೀಪ ಮಂದವಾಯಿತು. ಯಜಮಾನಿ ಒಳಗೆ ಹೋಗಿ, ಪುಸ್ತಕ ತೆಗೆದು ಫ್ರಿಜ್ ಹಾಕಿ ಬಂದರು. ದೀಪ ನಿಂತೇಬಿಟ್ಟಿತು.

"ಇಸ್ತ್ರಿ ಹಾಕಿದ್ರೆ ಮೀಟರ್ ನಿಲ್ಲತ್ತಾ? ಇದ್ಯಾವ ಮಾಟ?" ಎಂದರು ಯಜಮಾನರು.

"ಸೋಲಾರ್ ಹಾಕಿದ್ದನ್ನ ವಿದ್ಯುತ್ ಕಚೇರಿಗೆ ತಿಳಿಸಿದ್ರಾ ಸ್ವಾಮಿ?"

ಯಜಮಾನರು ಕೆಮ್ಮಿದರು.

"ತಿಳಿಸಲಿಲ್ಲ," ಎಂದರು ಯಜಮಾನಿ. "ನಾವು ಬಳಸದೆ ಮಿಕ್ಕ ಕರೆಂಟು ಬೀದಿ ಲೈನಿಗೆ ಹೋಗುವಾಗ ಹಳೇ ಮೀಟರ್ ಹಿಂದಕ್ಕೆ ತಿರುಗ್ತಿತ್ತು. ಕುರ್ಚಿ ಹಾಕ್ಕೊಂಡು ನೋಡ್ತಿದ್ರು. ನಮ್ಮನೇಲಿ ಟೀವಿ ಅಂದ್ರೆ ಅದೇ."

"ಹಳೇ ಮೀಟರಿಗೆ ಕಳೆಯೋದು ಗೊತ್ತಿತ್ತು," ಎಂದೆ. "ಇದಕ್ಕೆ ಕೂಡೋದೊಂದೇ ಗೊತ್ತು. ಒಳಗೆ ಬಂದ್ರೂ ಕೂಡತ್ತೆ, ಹೊರಗೆ ಹೋದ್ರೂ ಕೂಡತ್ತೆ. ನೀವು ಫ್ಯಾನು ಆರಿಸಿದಷ್ಟೂ ಸೋಲಾರ್ ಕರೆಂಟು ಹೊರಗೆ ಹೋಯ್ತು. ಹೋದದ್ದಕ್ಕೆಲ್ಲ ನಿಮಗೇ ಬಿಲ್ಲು."

"ಅಂದ್ರೆ... ಉಳಿಸಿದ್ದಕ್ಕೆಲ್ಲ ದುಡ್ಡು ಕಟ್ಟಿದೆನಾ?"

"ಪೈಸೆ ಬಿಡದೆ. ಹಗಲಲ್ಲಿ ನಿಮ್ಮ ಬಿಲ್ಲು ತಗ್ಗಿಸ್ತಿದ್ದೋಳು ಈ ಅಕ್ಕ ಒಬ್ಬಳೇ. ಅವಳ ಲೈನೂ ಬಂದ್ ಮಾಡಿದ್ರಿ, ಮೂರು ಪಟ್ಟಾಯ್ತು."

ಯಜಮಾನರು ಮೆಟ್ಟಿಲ ಮೇಲೆ ಕುಸಿದರು. ಸೋಲಾರನ್ನೇ ಆರಿಸೋಣವೆಂದರೆ ಅದರ ಸ್ವಿಚ್ಚಿನ ಡಬ್ಬಿಗೆ ಬೀಗ, ಬೀಗದ ಕೈ ಅದನ್ನು ಹಾಕಿದ ಕಂಪನಿಯವರ ಬಳಿ. ಫೋನು ಮಾಡಿದರು. ನಾಳೆ ಬರುತ್ತೇವೆಂದರಂತೆ. ಎರಡೂ ದಿಕ್ಕು ತಿಳಿಯುವ ಮೀಟರಿಗೆ ಅರ್ಜಿ ಹಾಕಬೇಕು. ಹಾಕಿದರೆ, ಇಷ್ಟು ದಿನ ಯಾಕೆ ತಿಳಿಸಲಿಲ್ಲ ಎಂಬ ಹಳೆಯ ಪ್ರಶ್ನೆಗಳೂ ಬರುತ್ತವೆ.

ಇಸ್ತ್ರಿಯಕ್ಕ ಮಹಡಿಯ ಬಾಗಿಲಿಗೆ ಬಂದಳು.

"ಟ್ರಂಕು," ಎಂದಳು.

ರೋಡ್ ರೋಲರ್ ಅದನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಟ್ರಂಕಿಗಿಂತ ಮುಖವೇ ಭಾರವಾಗಿತ್ತು.

"ಇಸ್ತ್ರಿ ಹಾಕ್ತಿರಮ್ಮ," ಎಂದರು ಯಜಮಾನರು. "ಬೇಕಾದ್ರೆ ನಮ್ಮನೆ ಪರದೆ ಕೊಡ್ತೀನಿ, ಹಾಸಿಗೆ ಬಟ್ಟೆ ಕೊಡ್ತೀನಿ..."

"ಮೊದಲು ಬಾಲ್ಕನಿಗೆ ಬನ್ನಿ."

ಅವರು ಬಂದರು. "ಇವಳು ಕಳ್ಳಿಯಲ್ಲ," ಎಂದು ಗೊಣಗಿದರು.

"ಕೇಳಿಸಲಿಲ್ಲ. ಕಳ್ಳಿ ಅಂದಾಗ ಬೀದಿಯ ಆ ಕೊನೆಗೂ ಕೇಳಿಸಿತ್ತು."

ಯಜಮಾನರು ಕಂಬಿ ಹಿಡಿದು, ಉಸಿರೆಳೆದು ಕೂಗಿದರು. ಎದುರುಮನೆಯ ಕಿಟಕಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಅವಳು ಇನ್ನೊಮ್ಮೆ ಕೂಗಿಸಿದಳು. ಒಬ್ಬ ಹೆಂಗಸು ಗಂಟು ಹೊತ್ತು ಬೀದಿ ದಾಟಿ ಬಂದಳು. ಇಸ್ತ್ರಿಯಕ್ಕ ಅದನ್ನು ತೆಗೆದುಕೊಂಡು, ಬಿಚ್ಚಿ, ಬಟ್ಟೆಗಳನ್ನು ಟೇಬಲ್ಲಿನ ಮೇಲೆ ನೀಟಾಗಿ ಜೋಡಿಸಿದಳು.

ಆಮೇಲೆ ಪ್ಲಗ್ಗು ಕಿತ್ತಳು.

"ಯಾಕಮ್ಮ?" ಎಂದರು ಯಜಮಾನರು.

"ನಿಮ್ಮ ರೂಲು ಅಲ್ವಾ ಸ್ವಾಮಿ, ಹಗಲು ಇಸ್ತ್ರಿ ಬಂದ್ ಅಂತ?" ಅವಳು ಚಾಪೆ ಬಿಡಿಸಿ, ಗೋಡೆ ಕಡೆ ತಿರುಗಿ ಮಲಗಿದಳು. "ಇವತ್ತೊಂದು ದಿನ ಪಾಲಿಸ್ತೀನಿ."

ಕೆಳಗೆ ಕೆಂಪು ದೀಪ ಮಿಟುಕತೊಡಗಿತು. ಯಜಮಾನರು ಆಕಾಶ ನೋಡಿದರು.

ಒಂದೇ ಒಂದು ಮೋಡವಿರಲಿಲ್ಲ.