ಜಾಣೆಯ ಪಾಲಿಗೆ ಬಂದದ್ದು

ಫಲಿತಾಂಶ ಮೊಬೈಲಿಗೆ ಬಂದಾಗ ದೊಡ್ಡವಳು ಅಜ್ಜಿಯ ಬಾಯಿಗೆ ಚಮಚದಲ್ಲಿ ಹಾಲು ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತು ಅಪ್ಪ ಓದಿದ. ಅವಳ ಬೆನ್ನಿಗೇ ಹುಟ್ಟಿದ ಅವಳಿ ತಂಗಿಗೆ ಆ ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ದೊಡ್ಡವಳಿಗೆ... ಇಲ್ಲ. ಅವಳು ಅಜ್ಜಿಯ ಗದ್ದಕ್ಕೆ ಇಳಿದ ಹಾಲನ್ನು ಒರೆಸಿ, ಮತ್ತೊಂದು ಚಮಚ ತುಂಬಿದಳು.

ಪ್ರವೇಶ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದವಳು ಅವಳು! ತಂಗಿ ಅವಳ ಹತ್ತಿರಕ್ಕೂ ಸುಳಿದಿರಲಿಲ್ಲ. ಆದರೆ ಆ ಕಾಲೇಜು ಒಂದು ಬೆಳಗಿನ ಪರೀಕ್ಷೆಯನ್ನು ಅಷ್ಟಾಗಿ ನಂಬುವುದಿಲ್ಲ. ಮೂರು ವರ್ಷದ ಶಾಲೆಯ ಅಂಕಗಳಿಗೇ ಅಲ್ಲಿ ಹೆಚ್ಚು ತೂಕ. ದಿನವೂ ಕೂತು ಓದಿದವರು ಮುಂದೆಯೂ ಓದುತ್ತಾರೆಂಬುದು ಅದರ ಲೆಕ್ಕ. ಲೆಕ್ಕ ತಪ್ಪೇನಲ್ಲ. ದಿನವೂ ಕೂರಲು ಬಿಡದ ಮನೆಗಳೂ ಇರುತ್ತವೆಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮೂರು ವರ್ಷದ ಹಿಂದೆ ಅಜ್ಜಿ ಹಾಸಿಗೆ ಹಿಡಿದಾಗ ಅಪ್ಪನಿಗೆ ಬಸ್ಸು ಓಡಿಸುವ ಕೆಲಸ, ಅಮ್ಮನಿಗೆ ಹೊಲಿಗೆ ಕಾರ್ಖಾನೆ. ಹುಡುಗಿಯರಲ್ಲಿ ಒಬ್ಬಳು ಮನೆಯಲ್ಲಿರಬೇಕಿತ್ತು. ಚಿಕ್ಕವಳು ಪಾಠ ತಪ್ಪಿಸಿಕೊಂಡರೆ ಹಿಂದೆ ಬೀಳುತ್ತಾಳೆ. ದೊಡ್ಡವಳು ಜಾಣೆ, ಕೊನೆಗೆ ಆ ಪರೀಕ್ಷೆಯೊಂದನ್ನು ಬರೆದರೆ ಸಾಕು ಎಂದು ಅಪ್ಪ ತೀರ್ಮಾನಿಸಿದ. ಹೆಮ್ಮೆಯಿಂದಲೇ ಹೇಳಿದ್ದ. ಅಜ್ಜಿಯದೋ ಬಲು ಹರಿತವಾದ ನಾಲಿಗೆ. ಬೇರೆ ಯಾರು ಮುಟ್ಟಿದರೂ ರಂಪ, ಇವಳು ಮುಟ್ಟಿದರೆ ಬೈಗುಳ ಮಾತ್ರ. ಪುಸ್ತಕ ಹಿಡಿದಾಗಲೆಲ್ಲ, ಓದಿ ಯಾರನ್ನು ಉದ್ಧಾರ ಮಾಡಬೇಕು ಎಂದು ಚುಚ್ಚುತ್ತಿದ್ದಳು. ದೊಡ್ಡವಳು ಮಂಚದ ಪಕ್ಕದಲ್ಲಿ ಕೂತೇ ಓದಿದಳು. ಶಾಲೆಯ ಪರೀಕ್ಷೆಗಳು ತಪ್ಪಿದವು, ಅಂಕಗಳು ಇಳಿದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅವಳೂ ಸಹ.

ಈಗ ಅಮ್ಮ ಒಲೆ ಆರಿಸಿ ಕೋಣೆಗೆ ಬಂದಳು. ಮುಂದಿನ ವರ್ಷ ನೋಡೋಣ ಎಂದ ಅಪ್ಪ. ಮುಂದಿನ ವರ್ಷವೂ ಆ ಅಂಕಗಳು ಅವೇ ಇರುತ್ತವೆ. ಚಿಕ್ಕವಳು ಬಂದು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದಳು.

"ನಾನು ಹೋಗಲ್ಲ ಅಕ್ಕಾ... ಅದು ನಿಂದು."

"ನೀನು ಬಿಟ್ರೆ ಇನ್ಯಾರಿಗೋ ಹೋಗುತ್ತೆ ಕಣೇ. ನಂಗೇನೂ ಬರಲ್ಲ." ದೊಡ್ಡವಳು ಅವಳ ಜಡೆ ಸರಿಮಾಡಿದಳು. "ಹೋಗು."

ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಮರಗಟ್ಟಿದ ಕಾಲನ್ನು ಬೇರೆ ಯಾರೋ ಮುಟ್ಟಿದ ಹಾಗಿತ್ತು, ಅಷ್ಟೇ.

ಎಲ್ಲರೂ ಕೋಣೆಯಿಂದ ಹೋದ ಮೇಲೆ ಅಜ್ಜಿ ಗೋಡೆಯ ಕಡೆ ನೋಡುತ್ತಾ ಹೇಳಿದಳು.

"ನಾನು ಆಗ್ಲೇ ಹೋಗ್ಬಿಡ್ಬೇಕಿತ್ತು ಮಗಾ..."

ಅಜ್ಜಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಇಷ್ಟು ವರ್ಷ ಆ ಒಂದು ಮಾತಿಗಾಗಿ ಕಾದಿದ್ದವಳು ಬಿಸಿನೀರಿಗೆ ಬಟ್ಟೆ ಅದ್ದಿ ಹಿಂಡಿದಳು.

"ಆ ಕಡೆ ತಿರುಗಿ ಅಜ್ಜಿ, ಬೆನ್ನು ಒರೆಸ್ತೀನಿ."